ಕಾಸರಕದ ಎಲೆಗೆ ಎಷ್ಟು ನರ?

ನಮ್ಮ ಶಾಲೆ ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಸ್ಥಾಪನೆ, ಕಟ್ಟಡಗಳು, ದಾನಿಗಳು, ನಮ್ಮನ್ನು ಅಗಲಿದ ಗುರುಹಿರಿಯರು – ಇವೆಲ್ಲದರ ವಿವರ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರ ಲೇಖನಿಯಿಂದ ಬಂದಿದೆ. ಚರಿತ್ರೆಯನ್ನು ಓದಿ, ಅದನ್ನೇ ಮಕ್ಕಳಿಗೆ ಕಲಿಸುತ್ತ ಬಂದ ನಾನು ಬೇರೊಂದು ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಅದು ಕಣ್ಣೆದುರಿಗಿರುವ ವಸ್ತುವನ್ನು ನೋಡಿ ಚಿತ್ರ ಬಿಡಿಸುವ ಅಭ್ಯಾಸದ ಚರಿತ್ರೆ. ಅದರಲ್ಲಿ ನಮ್ಮ ಈ ಪಡುಗಡಲ ತೀರಕ್ಕೆ ದೊಡ್ಡದೊಂದು ಪಾಲಿದೆ. ಆದರೆ ಆ ಕಥೆಗೆ ಹೋಗುವ ಮೊದಲು ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು.

ಕಾಸರಗೋಡು ಎಂಬ ಹೆಸರು ಹೇಗೆ ಬಂತೆಂಬುದಕ್ಕೆ ಎರಡು ವಿವರಣೆಗಳು ರೂಢಿಯಲ್ಲಿವೆ. ಸಂಸ್ಕೃತದ ‘ಕಾಸಾರ’ ಶಬ್ದದಿಂದ, ಎಂದರೆ ಸರೋವರದಿಂದ ಬಂತು ಎಂಬುದು ಒಂದು. ಕಾಸರಕನ ಮರಗಳು ದಟ್ಟವಾಗಿದ್ದ ಊರಾದ್ದರಿಂದ ಆ ಹೆಸರು ಎಂಬುದು ಇನ್ನೊಂದು. ತುಳುವಿನಲ್ಲಿ ‘ಕಾಯೆರ್’ ಎಂದೂ ಮಲಯಾಳದಲ್ಲಿ ‘ಕಾಞಿರ’ ಎಂದೂ ಕರೆಯುವುದು ಇದೇ ಮರವನ್ನು. ಈ ಪಾಠವನ್ನು ನಾನು ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಮಾಡಿದ್ದೇನೆ. ಪ್ರತಿಸಲವೂ ಕರಿಹಲಗೆಯ ಮೇಲೆ ಒಂದು ಎಲೆಯನ್ನು ಬಿಡಿಸುತ್ತಿದ್ದೆ: ನಡುವೆ ಒಂದು ದಪ್ಪ ನರ, ಅದರಿಂದ ಎರಡೂ ಬದಿಗೆ ಓರೆಯಾಗಿ ಹೊರಡುವ ಸಣ್ಣ ನರಗಳು. ಎಲೆ ಎಂದರೆ ಹಾಗೆಯೇ ಇರಬೇಕಲ್ಲವೇ?

ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ಕಾಸರಕದ ಎಲೆ ಹಾಗಿಲ್ಲ” ಎಂದಳು. ನಾನು ನಕ್ಕು ಅವಳನ್ನು ಕೂರಿಸಿದೆ. ಮರುದಿನ ಅವಳು ಶಾಲೆಯ ಹಿಂಬದಿಯ ಮುರಕಲ್ಲಿನ ಪಾಗಾರದ ಪಕ್ಕದಲ್ಲಿರುವ ಮರದಿಂದ ಒಂದು ಎಲೆಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಹೊಳೆಯುವ, ದಪ್ಪನೆಯ, ಹಸಿರು ಎಲೆ. ಅದರ ತಳದಿಂದಲೇ ಮೂರು ನರಗಳು ಒಟ್ಟಿಗೆ ಹೊರಟು, ಬಾಗಿ, ತುದಿಯತ್ತ ಸಾಗಿದ್ದವು. “ಹೌದು ಮಗಾ, ಮೂರು ನರ” ಎಂದೆ. “ಮೂರಲ್ಲ ಟೀಚರ್, ಐದು” ಎಂದಳು ಅವಳು. ಅಂಚಿಗೆ ತೀರ ಹತ್ತಿರದಲ್ಲಿ ಎರಡೂ ಬದಿಗೆ ಒಂದೊಂದು ಸಪೂರ ನರ ಇತ್ತು. ಎಲೆ ಕೈಯಲ್ಲಿದ್ದರೂ ನಾನು ಅದನ್ನು ಕಂಡಿರಲಿಲ್ಲ.

ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಅವಳು ತನ್ನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯನ್ನು ತೋರಿಸಿದಳು. ತಮ್ಮನ ತರಗತಿ ಬಿಡುವವರೆಗೆ ಮರದಡಿಯಲ್ಲಿ ಕಾಯುತ್ತಿದ್ದಾಗ ಅವಳು ಆ ಎಲೆಯನ್ನು ನೋಡಿ ಬಿಡಿಸಿದ್ದಳು. ಆ ಮರದ ಹೆಸರಿನಿಂದ ಊರಿನ ಹೆಸರನ್ನು ವಿವರಿಸಿ ಪಾಠ ಹೇಳುತ್ತಿದ್ದವಳು ನಾನು. ಮರವನ್ನು ನೋಡಿದವಳು ಅವಳು.

ಕೊಚ್ಚಿಯಲ್ಲಿ ಕುಳಿತ ಚಿತ್ರಗಾರರು

ಈ ಸಂಗತಿಯನ್ನು ನಾನು ನಮ್ಮ ಹಳೆವಿದ್ಯಾರ್ಥಿಯೊಬ್ಬರಲ್ಲಿ ಹೇಳಿದೆ. ಸಸ್ಯಶಾಸ್ತ್ರದ ಅಧ್ಯಾಪಕರಾಗಿರುವ ಅವರು ಮುಂದಿನ ಸಲ ಊರಿಗೆ ಬಂದಾಗ ಒಂದು ದಪ್ಪ ಸಂಪುಟವನ್ನು ತಂದರು. ಅದು ‘ಹಾರ್ಟಸ್ ಮಲಬಾರಿಕಸ್’, ಎಂದರೆ ‘ಮಲಬಾರಿನ ತೋಟ’ ಎಂಬ ಗ್ರಂಥದ ಮೊದಲನೆಯ ಸಂಪುಟ. ಅದರಲ್ಲಿ ‘ಕನಿರಂ’ ಎಂಬ ಹೆಸರಿನಡಿಯಲ್ಲಿ ನಮ್ಮ ಕಾಸರಕ ಇತ್ತು. ಹೆಸರು ‘ಕಾಞಿರ’ದ ಲ್ಯಾಟಿನ್ ರೂಪ. ಸುಮಾರು 350 ವರ್ಷಗಳ ಹಿಂದೆ ಯಾರೋ ಒಬ್ಬರು ಅದರ ರೆಂಬೆಯನ್ನು ಎದುರಿಗಿಟ್ಟುಕೊಂಡು, ನಮ್ಮ ಆರನೆಯ ತರಗತಿಯ ಹುಡುಗಿಯಂತೆಯೇ ನೋಡಿ ಬಿಡಿಸಿದ್ದರು.

ಈ ಗ್ರಂಥದ ಕಥೆ ಚರಿತ್ರೆಯ ಪಾಠಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ವಶಪಡಿಸಿಕೊಂಡರು. 1670ರಿಂದ 1677ರ ವರೆಗೆ ಹೆಂಡ್ರಿಕ್ ವಾನ್ ರೀಡ್ ಎಂಬಾತ ಅಲ್ಲಿನ ಅಧಿಕಾರಿಯಾಗಿದ್ದ. ಆಗ ಚಂದ್ರಗಿರಿ ಹೊಳೆಯ ಬಡಗಣ ನಮ್ಮ ನಾಡು ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ವಾನ್ ರೀಡ್ ಸನ್ಯಾಸಿಯೂ ಅಲ್ಲ, ನಿಸ್ಪೃಹ ವಿದ್ವಾಂಸನೂ ಅಲ್ಲ. ಕಾಳುಮೆಣಸಿನ ವ್ಯಾಪಾರಕ್ಕೆ ಬಂದ ಕಂಪೆನಿಯ ಸೈನಿಕ ಆತ. ಮಲಬಾರಿನ ಸೊಪ್ಪು ಬೇರುಗಳಿಂದಲೇ ಕಂಪೆನಿಗೆ ಬೇಕಾದ ಔಷಧಗಳು ದೊರೆಯುತ್ತವೆಂದು ತೋರಿಸುವುದು, ಸಿಂಹಳದ ಕೊಲಂಬೊಗಿಂತ ಕೊಚ್ಚಿ ಕಡಿಮೆಯದಲ್ಲ ಎಂದು ಮೇಲಧಿಕಾರಿಗಳಿಗೆ ಮನವರಿಕೆ ಮಾಡಿಕೊಡುವುದು – ಇವೂ ಅವನ ಉದ್ದೇಶಗಳಾಗಿದ್ದವು. ಹೀಗಿದ್ದರೂ ಅವನು ಹಿಡಿದ ಕೆಲಸ ಅವನ ಉದ್ದೇಶವನ್ನು ಮೀರಿ ಬೆಳೆಯಿತು.

ಮೊದಲಿಗೆ ಈ ಕೆಲಸಕ್ಕೆ ನೆರವಾದವರು ಫಾದರ್ ಮ್ಯಾಥ್ಯೂ ಎಂಬ ಇಟಲಿಯ ಕಾರ್ಮೆಲೈಟ್ ಪಾದ್ರಿ. ಅವರು ತಾವು ಕಂಡ ಗಿಡಗಳ ಚಿತ್ರಗಳನ್ನು ಬರೆದು ಕೊಟ್ಟರು. ಆದರೆ ಗಿಡವನ್ನು ಗುರುತಿಸುವುದಕ್ಕೆ ಆ ರೇಖಾಚಿತ್ರಗಳು ಸಾಲವೆಂದು ತಿಳಿಯಿತು. ಕೆಲಸವನ್ನು ಮೊದಲಿನಿಂದ ಆರಂಭಿಸಬೇಕಾಯಿತು. ನಮ್ಮ ಮಕ್ಕಳಿಗೆ ನಾನು ಈಗ ಹೇಳುವ ಮೊದಲ ಮಾತು ಇದೇ: ಜಗತ್ತು ಮೆಚ್ಚಿದ ಈ ಪುಸ್ತಕದ ಮೊದಲ ಚಿತ್ರಗಳನ್ನು ಬದಿಗಿಡಬೇಕಾಗಿ ಬಂದಿತ್ತು. ಅಳಿಸುವ ರಬ್ಬರಿಗೆ ನಾಚಬೇಕಾಗಿಲ್ಲ.

ಎರಡನೆಯ ಸಲ ವ್ಯವಸ್ಥೆ ಬೇರೆಯಾಗಿತ್ತು. ಊರ ಗಿಡಮರಗಳನ್ನು ಬಲ್ಲ ಜನರನ್ನು ಕಾಡಿಗೂ ಗುಡ್ಡೆಗೂ ಕಳುಹಿಸಿ, ಎಲೆ, ಹೂವು, ಕಾಯಿ ಸಹಿತ ರೆಂಬೆಗಳನ್ನು ತರಿಸುತ್ತಿದ್ದರು. ಚಿತ್ರಗಾರರು ಒಂದು ಕಡೆ ಕುಳಿತು, ಬಾಡುವ ಮೊದಲೇ ಅವುಗಳ ಚಿತ್ರವನ್ನು ಬಿಡಿಸುತ್ತಿದ್ದರು. ಆ ಚಿತ್ರಗಾರರಲ್ಲಿ ಅಂತೋನಿ ಗೋಟ್‌ಕಿಂಟ್, ಮಾರ್ಸೆಲಿಸ್ ಸ್ಪ್ಲಿಂಟರ್ ಎಂಬ ಇಬ್ಬರ ಹೆಸರು ಉಳಿದಿದೆ. ಪಕ್ಕದಲ್ಲಿ ವೈದ್ಯರು ಕುಳಿತು ಹೆಸರು ಮತ್ತು ಗುಣಗಳನ್ನು ಹೇಳುತ್ತಿದ್ದರು. ಅವರಲ್ಲಿ ಪ್ರಮುಖರು ಚೇರ್ತಲದ ಬಳಿಯ ಕರಪ್ಪುರದ ಈಳವ ವೈದ್ಯ ಇಟ್ಟಿ ಅಚ್ಯುತನ್. ಅವರ ಜೊತೆಗೆ ಕೊಂಕಣಿ ಮಾತಾಡುವ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ವೈದ್ಯರು. ಈ ನಾಲ್ವರೂ 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಗ್ರಂಥದ ಮೊದಲ ಸಂಪುಟದಲ್ಲಿವೆ. ಇಟ್ಟಿ ಅಚ್ಯುತನ್ ಅವರದು ಮಲಯಾಳದಲ್ಲಿ, ಮೂವರು ಭಟ್ಟರದು ನಾಗರಿ ಲಿಪಿಯ ಕೊಂಕಣಿಯಲ್ಲಿ. ಮಂಜೇಶ್ವರದ ಅನಂತೇಶ್ವರ ದೇವಳದ ಪೇಟೆಯಲ್ಲಿ ಇಂದಿಗೂ ಕಿವಿಗೆ ಬೀಳುವ ಭಾಷೆ ಅದು.

1678ರಿಂದ 1693ರ ವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳು ಅಚ್ಚಾದವು. ಸುಮಾರು 740 ಸಸ್ಯಗಳು, ತಾಮ್ರದ ಹಲಗೆಯಲ್ಲಿ ಕೊರೆದು ಮುದ್ರಿಸಿದ ಸುಮಾರು 790 ಚಿತ್ರಗಳು. ಮೊದಲನೆಯ ಸಂಪುಟದ ಮೊದಲನೆಯ ಚಿತ್ರ ತೆಂಗಿನದು. ಅದರ ಬಳಿಕ ಅಡಿಕೆ. ನಮ್ಮ ಊರಿನ ಯಾವ ಮನೆಯ ಅಂಗಳದಿಂದ ಎಣಿಸತೊಡಗಿದರೂ ಕ್ರಮ ಅದೇ ಆಗುತ್ತದೆ. ಈ ಎಲ್ಲ ಸಂಪುಟಗಳು ಹೊರಬಂದದ್ದನ್ನು ನೋಡಲು ವಾನ್ ರೀಡ್ ಉಳಿಯಲಿಲ್ಲ. 1691ರ ಡಿಸೆಂಬರಿನಲ್ಲಿ ಅವನು ಹಡಗಿನಲ್ಲೇ ತೀರಿಕೊಂಡ. ಸೂರತ್ತಿನಲ್ಲಿ ಅವನನ್ನು ಮಣ್ಣು ಮಾಡಿದರು.

ಹೆಸರು ನಡೆಯುತ್ತದೆ, ಚಿತ್ರ ನಿಲ್ಲುತ್ತದೆ

ಆ ಪುಸ್ತಕದಲ್ಲಿ ಮಾತು ಸಾಗಿದ ದಾರಿಯನ್ನು ನೋಡಿ. ಇಟ್ಟಿ ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದನ್ನು ದುಭಾಷಿ ಇಮ್ಯಾನ್ಯುವಲ್ ಕಾರ್ನೇರೊ ಪೋರ್ಚುಗೀಸಿಗೆ ತಿರುಗಿಸಿದ. ಅದು ಅಲ್ಲಿಂದ ಲ್ಯಾಟಿನ್ನಿಗೆ ಹೋಯಿತು. ಒಬ್ಬರ ಬಾಯಿಂದ ಹೊರಟ ಮಾತು ಅಚ್ಚಿನ ಮನೆಯನ್ನು ತಲುಪುವಾಗ ಹಲವರ ಕೈ ದಾಟಿತ್ತು. ದಾರಿಯಲ್ಲಿ ಏನು ಸೋರಿತು, ಏನು ಸೇರಿತು ಎಂಬುದನ್ನು ಗಡಿನಾಡಿನಲ್ಲಿ ಬದುಕುವ ನಮಗೆ ವಿವರಿಸಬೇಕಾಗಿಲ್ಲ. ಒಂದೇ ಅರ್ಜಿಯನ್ನು ಎರಡು ಭಾಷೆಗಳಲ್ಲಿ ಬರೆದು ಅಭ್ಯಾಸವಿರುವ ಜನ ನಾವು. ಚಿತ್ರದ ದಾರಿ ಮಾತಿನ ದಾರಿಗಿಂತ ಕಿರಿದಾಗಿತ್ತು: ರೆಂಬೆಯಿಂದ ಕಣ್ಣಿಗೆ, ಕಣ್ಣಿನಿಂದ ಕೈಗೆ, ಕೈಯಿಂದ ತಾಮ್ರದ ಹಲಗೆಗೆ.

ಇದರ ಫಲ ಏನೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ನಾವು ‘ಮುಟ್ಟಿದರೆ ಮುನಿ’ ಎನ್ನುವ ಮುಳ್ಳಿನ ಗಿಡವನ್ನು ಮಲಯಾಳದಲ್ಲಿ ‘ತೊಟ್ಟಾವಾಡಿ’ ಎನ್ನುತ್ತಾರೆ. ತೊಟ್ಟರೆ, ಎಂದರೆ ಮುಟ್ಟಿದರೆ ಬಾಡುವುದು ಎಂದು ಅರ್ಥ. ಗುಲಾಬಿ ಬಣ್ಣದ ಉಂಡೆ ಹೂವಿನ ಈ ಗಿಡ ಅಮೆರಿಕದ ಉಷ್ಣವಲಯದಿಂದ ಬಂದದ್ದು. ‘ಹಾರ್ಟಸ್ ಮಲಬಾರಿಕಸ್’ನ ಒಂಬತ್ತನೆಯ ಸಂಪುಟದಲ್ಲೂ ‘ತೊಟ್ಟಾವಾಡಿ’ ಇದೆ. ಆದರೆ ಚಿತ್ರವನ್ನು ನೋಡಿದರೆ ಗಿಡವೇ ಬೇರೆ! ಪುಟಾಣಿ ತೆಂಗಿನ ಸಸಿಯಂತೆ ನೆಟ್ಟಗೆ ನಿಂತ ದಂಟು, ತುದಿಯಲ್ಲಿ ಕೊಡೆಯಂತೆ ಹರಡಿದ ಎಲೆಗಳು, ನಡುವಿನಿಂದ ಏಳುವ ಸಣ್ಣ ಹೂಗಳು. ಮಳೆಗಾಲದಲ್ಲಿ ನಮ್ಮ ಅಂಗಳದ ಬದಿಯಲ್ಲಿ ಏಳುವ, ಹಳದಿ ಹೂ ಬಿಡುವ, ಮಲಯಾಳಿಗಳು ಇಂದು ‘ಮುಕ್ಕುಟ್ಟಿ’ ಎನ್ನುವ ಗಿಡ ಅದು. ಅದರ ಎಲೆಗಳೂ ಮುಟ್ಟಿದರೆ ಮಡಚಿಕೊಳ್ಳುತ್ತವೆ. ಎಂದರೆ, ಅಂದು ಒಂದು ಗಿಡಕ್ಕಿದ್ದ ಹೆಸರು ಹೊರಗಿನಿಂದ ಬಂದ ಇನ್ನೊಂದು ಗಿಡದ ಮೇಲೆ ಕೂತಿದೆ. ಪುಸ್ತಕದಲ್ಲಿ ಹೆಸರು ಮಾತ್ರ ಇದ್ದಿದ್ದರೆ, ಹಳೆಯ ವೈದ್ಯರು ಅಮೆರಿಕದ ಗಿಡವನ್ನೇ ಮದ್ದಿಗೆ ಬಳಸುತ್ತಿದ್ದರೆಂದು ನಾವು ಇಂದು ನಂಬುತ್ತಿದ್ದೆವು. ಹೆಸರು ಎದ್ದು ನಡೆಯಿತು. ಚಿತ್ರ ನಿಂತಲ್ಲೇ ನಿಂತಿತು. ಅದರಿಂದಾಗಿ ನಿಜ ಉಳಿಯಿತು.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಜಗತ್ತಿನ ಸಸ್ಯಗಳಿಗೆ ಎರಡು ಪದಗಳ ಶಾಸ್ತ್ರೀಯ ನಾಮಗಳನ್ನು ಕೊಟ್ಟು ತನ್ನ ಮಹಾಗ್ರಂಥವನ್ನು ಪ್ರಕಟಿಸಿದಾಗ ಮಲಬಾರಿನ ಗಿಡಗಳಿಗೆ ಈ ಪುಸ್ತಕವನ್ನು ಆಧಾರವಾಗಿ ಉಲ್ಲೇಖಿಸಿದ. ಅವನು ಈ ನೆಲಕ್ಕೆ ಕಾಲಿಟ್ಟವನಲ್ಲ. ವಾನ್ ರೀಡ್ ಒಣಗಿಸಿದ ಗಿಡಗಳ ಸಂಗ್ರಹವನ್ನು ಬಿಟ್ಟುಹೋಗಿರಲಿಲ್ಲ. ಆದ್ದರಿಂದ ಎಷ್ಟೋ ಸಸ್ಯಗಳ ಪಾಲಿಗೆ ಆ ಚಿತ್ರವೇ ಮೂಲ ಸಾಕ್ಷಿಯಾಗಿ ಇಂದಿಗೂ ಶಾಸ್ತ್ರದಲ್ಲಿ ಮಾನ್ಯವಾಗಿದೆ. ಮುಂದೆ ನಮ್ಮ ಕಾಲದಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಕೆ. ಎಸ್. ಮಣಿಲಾಲ್ ಅವರು ದಶಕಗಳ ಕಾಲ ಆ ಚಿತ್ರಗಳನ್ನು ಹಿಡಿದು ಊರೂರು ಅಲೆದು, ಅವುಗಳಲ್ಲಿರುವ ಬಹುತೇಕ ಎಲ್ಲ ಗಿಡಗಳನ್ನು ಮತ್ತೆ ಹುಡುಕಿದರು. ಅವರ ಇಂಗ್ಲಿಷ್ ಅನುವಾದವನ್ನು 2003ರಲ್ಲಿಯೂ ಮಲಯಾಳ ಅನುವಾದವನ್ನು 2008ರಲ್ಲಿಯೂ ಕೇರಳ ವಿಶ್ವವಿದ್ಯಾನಿಲಯ ಹೊರತಂದಿತು. ಮೂರು ಶತಮಾನ ಕಳೆದ ಮೇಲೂ ಚಿತ್ರವನ್ನು ಹಿಡಿದು ಗಿಡವನ್ನು ಹುಡುಕಲು ಸಾಧ್ಯವಾಯಿತೆಂದರೆ, ಬಿಡಿಸಿದವರ ಪ್ರಾಮಾಣಿಕತೆಗೆ ಬೇರೆ ಪ್ರಮಾಣಪತ್ರ ಬೇಡ.

ಹೆಸರು ಉಳಿದವರು, ಉಳಿಯದವರು

ಮರ ಹತ್ತಿದವರ, ಬೇರು ಅಗೆದವರ ಹೆಸರುಗಳು ಆ ಹನ್ನೆರಡು ಸಂಪುಟಗಳಲ್ಲಿ ಇಲ್ಲ. ಚರಿತ್ರೆಯ ಈ ಅನ್ಯಾಯ ಅಲ್ಲಿಗೇ ನಿಲ್ಲುವುದಿಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ದಿನಕ್ಕೊಂದು ಗಿಡವನ್ನು ನೋಡಿ ತಿಳಿಯುವ ವ್ರತ ಹಿಡಿದಿದ್ದ. ಅವುಗಳ ಚಿತ್ರ ಬರೆಯಲು ಮರಾಠಿ ಚಿತ್ರಗಾರನೊಬ್ಬನನ್ನು ನೇಮಿಸಿಕೊಂಡಿದ್ದ. ಕ್ಲೆಗ್‌ಹಾರ್ನ್ ಮುಂದೆ 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾಗಿ ಪ್ರಸಿದ್ಧನಾದ. ಮಲೆನಾಡಿನ ಹೂಗಳನ್ನು ದಿನಕ್ಕೊಂದರಂತೆ ಕಾಗದಕ್ಕಿಳಿಸಿದ ಆ ಮರಾಠಿ ಚಿತ್ರಗಾರನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇದಕ್ಕೆ ಅಪವಾದವೂ ಉಂಟು. ನೀಲಗಿರಿ ಮತ್ತು ಕೊಯಮುತ್ತೂರಿನ ಸಸ್ಯಗಳ ಮೇಲೆ ಕೆಲಸ ಮಾಡಿದ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನ ಬಳಿ ರಂಗಯ್ಯ, ಅವರ ನಂತರ ಗೋವಿಂದು ಎಂಬ ಚಿತ್ರಗಾರರಿದ್ದರು. ವೈಟ್‌ನ ಚಿತ್ರಸಂಪುಟಗಳಲ್ಲಿ ಅವರ ಹೆಸರುಗಳು ಅಳಿಯದೆ ಉಳಿದವು. ಇಷ್ಟಕ್ಕೇ ನಿಲ್ಲದೆ ವೈಟ್ 1853ರಲ್ಲಿ ಒಂದು ಸೀತಾಳೆ ಜಾತಿಯ ಗಿಡಕ್ಕೆ ‘ಗೋವಿಂದೂಯಿಯ’ ಎಂದು ಹೆಸರಿಟ್ಟ. ಮುಂದಿನ ಸಂಶೋಧಕರು ಆ ಗಿಡವನ್ನು ಬೇರೊಂದು ಕುಲಕ್ಕೆ ಸೇರಿಸಿದ್ದರಿಂದ ಆ ಹೆಸರು ಈಗ ಚಲಾವಣೆಯಲ್ಲಿಲ್ಲ. ಆದರೂ ಚಿತ್ರ ಬಿಡಿಸಿದ ನಮ್ಮ ದೇಶದ ಕೈಯೊಂದಕ್ಕೆ ಶಾಸ್ತ್ರವೇ ಒಮ್ಮೆ ಗೌರವ ಸಲ್ಲಿಸಿತ್ತು ಎಂಬುದನ್ನು ಮಕ್ಕಳಿಗೆ ಹೇಳಲು ನನಗೆ ಸಂತೋಷವಾಗುತ್ತದೆ.

ಬಿಡಿಸುವುದೆಂದರೆ

ಗಂಟು ಬಿಡಿಸುವುದು, ಒಗಟು ಬಿಡಿಸುವುದು, ಚಿತ್ರ ಬಿಡಿಸುವುದು – ಕನ್ನಡದಲ್ಲಿ ಮೂರಕ್ಕೂ ಒಂದೇ ಕ್ರಿಯಾಪದ. ಈ ಬಳಕೆಯಲ್ಲಿ ಅನುಭವವಿದೆ ಎಂದು ನನಗೆ ಈಗ ತೋರುತ್ತದೆ. ಒಂದರೊಳಗೊಂದು ಸಿಕ್ಕಿಕೊಂಡಿರುವುದನ್ನು ಎಳೆ ಎಳೆಯಾಗಿ ಬೇರ್ಪಡಿಸಿ ನೋಡದೆ ಚಿತ್ರ ಬರುವುದಿಲ್ಲ.

ಯಾವುದೇ ತರಗತಿಯಲ್ಲಿ ‘ಒಂದು ಚಿತ್ರ ಬಿಡಿಸಿ’ ಎಂದು ಹೇಳಿ ನೋಡಿ. ಎರಡು ಗುಡ್ಡಗಳು, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲಿ ಐದು ಗರಿಗಳ ಒಂದು ತೆಂಗಿನಮರ. ಇದು ಮಗು ಕಂಡ ಚಿತ್ರವಲ್ಲ, ಮಗುವಿಗೆ ಬಾಯಿಪಾಠವಾದ ಚಿತ್ರ. ಅದೇ ಮಗುವನ್ನು ಅಂಗಳಕ್ಕೆ ಕರೆದು, ತೆಂಗಿನಮರದ ಎದುರು ಕೂರಿಸಿ, ‘ಈಗ ಬಿಡಿಸು’ ಎಂದರೆ ಮೊದಲ ಐದು ನಿಮಿಷ ಅದಕ್ಕೆ ಬೇಸರ. ಆಮೇಲೆ ಪ್ರಶ್ನೆಗಳು ಏಳತೊಡಗುತ್ತವೆ. ಗರಿಗಳು ಐದಲ್ಲ, ಚೆನ್ನಾಗಿ ಬೆಳೆದ ಮರದ ತಲೆಯಲ್ಲಿ ಮೂವತ್ತರಷ್ಟು ಇರುತ್ತವೆ. ಮೇಲಿನವು ನೆಟ್ಟಗೆ, ನಡುವಿನವು ಅಡ್ಡಕ್ಕೆ, ಕೆಳಗಿನವು ಜೋತು. ಕಾಂಡ ನುಣ್ಣಗಿಲ್ಲ, ಉದುರಿದ ಒಂದೊಂದು ಮಡಲೂ ಒಂದೊಂದು ಉಂಗುರದ ಗುರುತನ್ನು ಬಿಟ್ಟಿದೆ. ಬೆಳೆದ ಮರ ವರ್ಷಕ್ಕೆ ಸುಮಾರು ಹನ್ನೆರಡು ಗರಿಗಳನ್ನು ಬಿಡುತ್ತದೆಂದು ತಿಳಿದ ಹುಡುಗ ಉಂಗುರಗಳನ್ನು ಎಣಿಸಿ ಮರದ ಪ್ರಾಯವನ್ನು ಅಂದಾಜು ಮಾಡತೊಡಗುತ್ತಾನೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ನಮ್ಮದು. ಸಂಶೋಧನೆಯ ಮೊದಲ ಮೆಟ್ಟಿಲು ಇದುವೇ.

ಇಲ್ಲಿ ಕಲಿಯುವುದು ಕೈಚಳಕವೊಂದನ್ನೇ ಅಲ್ಲ. ಇಪ್ಪತ್ತು ನಿಮಿಷ ಒಂದು ವಸ್ತುವಿನ ಮುಂದೆ ಕೂತ ಮಗುವಿನ ಮನಸ್ಸು ಆ ಇಪ್ಪತ್ತು ನಿಮಿಷವೂ ಅಲ್ಲೇ ಇರುತ್ತದೆ. ನಿನ್ನೆಯ ಜಗಳದಲ್ಲಿ ಇಲ್ಲ, ನಾಳೆಯ ಪರೀಕ್ಷೆಯಲ್ಲಿ ಇಲ್ಲ, ಮೊಬೈಲಿನಲ್ಲಂತೂ ಇಲ್ಲ. ತನಗೆ ಗೊತ್ತಿದೆ ಎಂದುಕೊಂಡದ್ದು ಸುಳ್ಳಾಗಬಹುದೆಂಬ ವಿನಯವೂ ಅಲ್ಲಿಯೇ ಹುಟ್ಟುತ್ತದೆ. ನನಗೆ ಅದು ಐವತ್ತರ ಅಂಚಿನಲ್ಲಿ, ಒಬ್ಬಳು ಶಿಷ್ಯೆಯ ಮೂಲಕ ದೊರೆಯಿತು. ಮಕ್ಕಳಿಗೆ ಹತ್ತರಲ್ಲೇ ದೊರೆಯಲಿ.

ನಾವು ಕಳೆದುಕೊಂಡ ಅವಧಿ

ನಮ್ಮ ಶಾಲೆ ಆರಂಭವಾದಾಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಪ್ರಕೃತಿ ಪಾಠ, ಚಿತ್ರಲೇಖನ ಇವು ಆ ಕಾಲದ ಶಿಕ್ಷಣದಲ್ಲಿ ಸ್ಥಾನ ಪಡೆದಿದ್ದವು. 1937ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ರೂಪುಗೊಂಡ ವಾರ್ಧಾ ಶಿಕ್ಷಣ ಯೋಜನೆಯೂ ಕೈಕಸುಬಿನ ಜೊತೆಯಲ್ಲಿ ಚಿತ್ರಕ್ಕೆ ಜಾಗ ಕೊಟ್ಟಿತ್ತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆಡಳಿತ ಬದಲಾಯಿತು, ಪಾಠಪಟ್ಟಿ ಬದಲಾಯಿತು. ಆದರೂ ನಮ್ಮ ಡ್ರಾಯಿಂಗ್ ಮಾಷ್ಟ್ರು ಮಕ್ಕಳನ್ನು ಗುಡ್ಡೆಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದುದನ್ನು ಹಿರಿಯ ಹಳೆವಿದ್ಯಾರ್ಥಿಗಳು ಇಂದಿಗೂ ನೆನೆಯುತ್ತಾರೆ.

ಮಕ್ಕಳ ಸಂಖ್ಯೆ ಇಳಿಯುತ್ತ ಬಂದಾಗ ಆ ಹುದ್ದೆ ಹೋಯಿತು. ಅದು ನಮ್ಮ ಕೈಯಲ್ಲಿರಲಿಲ್ಲ ಎಂದು ಹೇಳಬಹುದು. ಆದರೆ ವೇಳಾಪಟ್ಟಿ ನಮ್ಮ ಕೈಯಲ್ಲಿತ್ತು. ಚಿತ್ರದ ಅವಧಿಯನ್ನು ಲೆಕ್ಕಕ್ಕೂ ಇಂಗ್ಲಿಷಿಗೂ ಹಂಚಿದವಳು ನಾನೇ. ಹೆತ್ತವರಿಗೆ ಅದು ಸರಿ ಕಂಡಿತು, ನನಗೂ ಸರಿ ಕಂಡಿತು. ಇಂಗ್ಲಿಷ್ ಮಾಧ್ಯಮದ ಬಸ್ಸು ಮನೆ ಬಾಗಿಲಿಗೆ ಬರುವ ಕಾಲದಲ್ಲಿ ಕನ್ನಡ ಶಾಲೆಯೊಂದು ತಲೆಯೆತ್ತಿ ನಿಲ್ಲಬೇಕಾದರೆ ಅಂಕಗಳನ್ನು ತೋರಿಸಬೇಕು ಎಂಬ ಆತಂಕ ನಮ್ಮದಾಗಿತ್ತು. ಅಂಕಗಳು ಬಂದವು. ಅದರ ಬೆಲೆ ಎಷ್ಟೆಂದು ಆ ಹುಡುಗಿ ಎಲೆಯನ್ನು ಮೇಜಿನ ಮೇಲೆ ಇಟ್ಟ ದಿನ ನನಗೆ ತಿಳಿಯಿತು.

ಐದನೆಯ ಸಾಲು

‘ಹಾರ್ಟಸ್ ಮಲಬಾರಿಕಸ್’ನ ಚಿತ್ರಗಳಲ್ಲಿ ಗಿಡದ ಹೆಸರನ್ನು ಹಲವು ಲಿಪಿಗಳಲ್ಲಿ ಬರೆದಿದ್ದಾರೆ: ಲ್ಯಾಟಿನ್, ಮಲಯಾಳ, ಅರಬ್ಬಿ, ಕೊಂಕಣಿಗಾಗಿ ನಾಗರಿ. ಕನ್ನಡ ಇಲ್ಲ. ಕೊಚ್ಚಿಯಲ್ಲಿ ನಡೆದ ಕೆಲಸದಲ್ಲಿ ಅದು ಇರಬೇಕಾಗಿಯೂ ಇರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ನಮ್ಮ ಲಿಪಿ ಅಚ್ಚು ಕಾಣಲು ಅಷ್ಟು ಕಾಲ ಬೇಕಾಯಿತು. ಆದರೆ ನಮ್ಮ ಮಕ್ಕಳು ಆ ಪುಟವನ್ನು ನೋಡಿದಾಗ ಒಬ್ಬ ಹುಡುಗ ಸಹಜವಾಗಿ, “ಕನ್ನಡ ಯಾಕಿಲ್ಲ? ನಾವು ಬರೆಯುವಾ” ಎಂದ. ಶತಮಾನೋತ್ಸವ ವರ್ಷದ ನಮ್ಮ ಚಿತ್ರ ಕಾರ್ಯಕ್ರಮ ಆ ಮಾತಿನಿಂದ ಹುಟ್ಟಿತು.

ನಿಯಮಗಳು ಸರಳ. ಪ್ರತಿ ಮಗುವೂ ತನ್ನ ಮನೆಯಂಗಳದ ಅಥವಾ ಶಾಲೆಯ ಹಿತ್ತಿಲಿನ ಒಂದು ಗಿಡವನ್ನು ಆರಿಸಬೇಕು. ಪುಸ್ತಕ ನೋಡಿ ಬಿಡಿಸಬಾರದು, ಫೋಟೋ ನೋಡಿಯೂ ಬಿಡಿಸಬಾರದು. ಕನಿಷ್ಠ ಇಪ್ಪತ್ತು ನಿಮಿಷ ಗಿಡದ ಮುಂದೆ ಕೂತಿರಬೇಕು. ಚಿತ್ರದ ಕೆಳಗ ದಿನಾಂಕ ಹಾಕಿ, ಮನೆಯಲ್ಲಿ ಆಡುವ ಭಾಷೆಗಳಲ್ಲಿ ಅದರ ಹೆಸರನ್ನು ಬರೆಯಬೇಕು. ನಮ್ಮ ಮಕ್ಕಳ ಮನೆಗಳಲ್ಲಿ ತುಳು ಇದೆ, ಕನ್ನಡ ಇದೆ, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಇವೆ. ಕಾಸರಕದ ಕಾಯಿಯ ಬೀಜ ವಿಷವಾದ್ದರಿಂದ ಆ ಮರವನ್ನು ಆರಿಸಿದವರು ಕೈತೊಳೆದು ಊಟಕ್ಕೆ ಬರಬೇಕೆಂಬ ನಿಯಮವನ್ನೂ ಸೇರಿಸಿದೆವು.

ನಾಲ್ಕನೆಯ ತರಗತಿಯ ಹುಡುಗನೊಬ್ಬ ಬಾವಿಕಟ್ಟೆಯ ಬದಿಯ ಒಂದೆಲಗವನ್ನು ಬಿಡಿಸಿದ. ನೆಲದಲ್ಲಿ ಹಬ್ಬುವ ಬಳ್ಳಿ, ಗೆಣ್ಣು ಗೆಣ್ಣಿನಲ್ಲಿ ಇಳಿಬಿಟ್ಟ ಬೇರು, ಪ್ರತಿಯೊಂದು ಉದ್ದ ತೊಟ್ಟಿನ ತುದಿಯಲ್ಲಿ ಒಂದೇ ಒಂದು ದುಂಡನೆಯ ಎಲೆ. ಬಿಡಿಸಿ ಮುಗಿಸಿದ ಮೇಲೆ ಅವನು ಓಡಿಬಂದು, “ಟೀಚರ್, ಒಂದೇ ಎಲೆ ಇದೆ, ಅದಕ್ಕೇ ಒಂದೆಲಗ!” ಎಂದ. ದಿನವೂ ಅದರ ತಂಬುಳಿ ಉಣ್ಣುವ ಮನೆಯ ಹುಡುಗ ಅವನು. ಹೆಸರಿನ ಒಳಗಿದ್ದ ಎಲೆಯನ್ನು ಅಂದು ಮೊದಲ ಬಾರಿ ಕಂಡಿದ್ದ. ತುಳುವಿನಲ್ಲಿ ಅದು ತಿಮರೆ. ಅವನ ಪಕ್ಕದ ಹುಡುಗಿಯ ಅಜ್ಜಿ ಹೇಳಿಕಳುಹಿಸಿದ ಕೊಂಕಣಿ ಹೆಸರು ಏಕಪಾನಿ. ಅದರ ಅರ್ಥವೂ ಒಂದು ಎಲೆ ಎಂದೇ. ಎರಡು ಭಾಷೆಗಳ ಜನ ಬೇರೆ ಬೇರೆಯಾಗಿ ನೋಡಿ, ಒಂದನ್ನೇ ಕಂಡು, ತಮ್ಮ ತಮ್ಮ ಮಾತಿನಲ್ಲಿ ಹೆಸರಿಟ್ಟಿದ್ದರು. ನಮ್ಮ ಹಿರಿಯರು ಇಟ್ಟ ಇಂಥ ಹೆಸರುಗಳು ಒಂದೊಂದೂ ಎಂದೋ ಯಾರೋ ತಾಳ್ಮೆಯಿಂದ ನೋಡಿದ್ದರ ದಾಖಲೆ. ನೋಡುವವರು ಇಲ್ಲವಾದಾಗ ಹೆಸರು ಬರಿಯ ಸದ್ದಾಗುತ್ತದೆ, ಆಮೇಲೆ ಮರೆತುಹೋಗುತ್ತದೆ.

ಮರೆತುಹೋಗುವುದು ನಿಜವೆಂಬುದಕ್ಕೂ ಈ ಚಿತ್ರಗಳಲ್ಲೇ ಸಾಕ್ಷಿಯಿದೆ. ಹಲವು ಹಾಳೆಗಳಲ್ಲಿ ಚಿತ್ರ ಸೊಗಸಾಗಿದೆ, ಕೆಳಗಿನ ಸಾಲು ಖಾಲಿಯಾಗಿದೆ. ಮಗುವಿಗೆ ಹೆಸರು ತಿಳಿಯದು, ತಂದೆತಾಯಿಗೂ ತಿಳಿಯದು, ನನಗೂ ತಿಳಿಯದು. ಆ ಹಾಳೆಗಳನ್ನು ನಾವು ಬದಿಗಿಡಲಿಲ್ಲ. ಹೆಸರಿಲ್ಲದಿದ್ದರೂ ಗಿಡ ಇದೆ, ಚಿತ್ರ ಇದೆ. ಬಲ್ಲವರು ಒಬ್ಬರು ಸಿಕ್ಕಿದ ದಿನ ಸಾಲು ತುಂಬುತ್ತದೆ.

ಆದ್ದರಿಂದ ಈ ಸಂಚಿಕೆಯನ್ನು ಓದುತ್ತಿರುವ ಎಲ್ಲರಲ್ಲಿ ನನ್ನ ವಿನಂತಿ. ಶಾಲೆಯ ಜಗಲಿಯಲ್ಲಿ ಆ ಚಿತ್ರಗಳನ್ನು ತೂಗುಹಾಕಿದ್ದೇವೆ. ಹಳೆವಿದ್ಯಾರ್ಥಿಗಳೇ, ಬಂದು ನೋಡಿ; ಖಾಲಿ ಸಾಲುಗಳಲ್ಲಿ ಒಂದಾದರೂ ಹೆಸರು ನಿಮಗೆ ಗೊತ್ತಿದ್ದೀತು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆತನ್ನಿ. ಮಾಷ್ಟ್ರು ಗುಡ್ಡೆಯಲ್ಲಿ ಕೂರಿಸಿ ಬಿಡಿಸಿಸಿದ ಹಳೆಯ ಡ್ರಾಯಿಂಗ್ ಪುಸ್ತಕ ಯಾರ ಅಟ್ಟದಲ್ಲಾದರೂ ಉಳಿದಿದ್ದರೆ ಕೊಡಿ, ಜೋಪಾನವಾಗಿ ಇಡುತ್ತೇವೆ. ರಕ್ಷಕರೇ, ನಿಮ್ಮ ಮಗು ಚಿತ್ರ ಬಿಡಿಸುವಾಗ ‘ಚಂದ ಬಂದಿದೆ’ ಎಂದು ಹೇಳಿ ಎದ್ದು ಹೋಗಬೇಡಿ. ಹತ್ತು ನಿಮಿಷ ಜೊತೆಯಲ್ಲಿ ಕುಳಿತು ಅದು ನೋಡುವುದನ್ನೇ ನೀವೂ ನೋಡಿ. ಸಹೋದ್ಯೋಗಿ ಅಧ್ಯಾಪಕರಲ್ಲಿ ಹೇಳಬೇಕಾದದ್ದನ್ನು ಈಗಾಗಲೇ ಹೇಳಿದ್ದೇನೆ: ಈ ವರ್ಷದಿಂದ ವಾರದ ಎರಡು ಅವಧಿಗಳು ಮತ್ತೆ ಚಿತ್ರಕ್ಕೆ. ಪರೀಕ್ಷೆ ಹತ್ತಿರ ಬಂದರೂ ಅವುಗಳನ್ನು ಯಾರೂ ಕೇಳಬಾರದು, ಮುಖ್ಯೋಪಾಧ್ಯಾಯಿನಿಯೂ ಸೇರಿದಂತೆ.

ಹಿಂಬದಿಯ ಪಾಗಾರದ ಕಾಸರಕನ ಮರ ಇನ್ನೂ ಇದೆ. ಹೊಸ ಕೊಠಡಿಯ ನಕ್ಷೆ ತಯಾರಾದಾಗ ಅದನ್ನು ಕಡಿಯಬೇಕಾಗಿ ಬಂದಿತ್ತು. ಆರು ಅಡಿ ಈಚೆಗೆ ಗೋಡೆ ಕಟ್ಟುವುದೆಂದು ತೀರ್ಮಾನವಾಯಿತು. ಸಭೆಯಲ್ಲಿ ಕಾರಣ ಕೇಳಿದವರಿಗೆ ನಾನು ಆ ಹುಡುಗಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯನ್ನು ತೋರಿಸಿದೆ.